ಕೊರಿಂಥಿಯನ್ ಶಿರಸ್ತ್ರಾಣ: ಮೂರು ಪ್ರತಿಕೃತಿ, ಐದು ಮಳೆಗಾಲ

ಮೂಗಿನ ಮೇಲೆ ಇಳಿಯುವ ಪಟ್ಟಿ, ಬಾದಾಮಿ ಆಕಾರದ ಕಣ್ಣಿನ ತೂತು, ಕೆನ್ನೆ ಪೂರ್ತಿ ಮುಚ್ಚುವ ಲೋಹ. ಹಳೇ ಗ್ರೀಕ್ ಯೋಧ ಅಂದ ಕೂಡಲೇ ನೆನಪಾಗುವುದು ಈ ಕೊರಿಂಥಿಯನ್ ಶಿರಸ್ತ್ರಾಣವೇ ಅಲ್ವಾ? ಇದರ ಮೂರು ಪ್ರತಿಕೃತಿ ನನ್ನ ಹತ್ತಿರ ಇವೆ: ರೆಸಿನ್, ಉಕ್ಕು, ಹಿತ್ತಾಳೆ. ಮನೆ ಮಂಗಳೂರಿನಲ್ಲಿ. ಐದು ಮಳೆಗಾಲ ಕಂಡಿವೆ.

ರೆಸಿನ್‌ನದ್ದು ಕಪಾಟಿನಲ್ಲಿಡಲು ಚೆನ್ನಾಗಿದೆ. ಹಗುರ, ಅಗ್ಗ. ಒಮ್ಮೆ ಮೇಜಿನಿಂದ ಬಿದ್ದು ಮೂಗಿನ ಪಟ್ಟಿ ಮುರಿಯಿತು, ಅಂಟು ಹಾಕಿದ್ದೇನೆ.

ಎರಡನೆಯದನ್ನು ಮಾರಿದವರು ಅಪ್ಪಟ ಹಿತ್ತಾಳೆ ಅಂದಿದ್ದರು. ಮೊದಲ ಮಳೆಗಾಲದಲ್ಲೇ ಮಬ್ಬಾಯಿತು. ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಿಕ್ಕಿದಲ್ಲೆಲ್ಲ ಹಳದಿ ಹೋಗಿ ಬೂದು ಬಣ್ಣ ಕಂಡಿತು. ವಾರದೊಳಗೆ ಹುಬ್ಬಿನ ಏಣಿನಲ್ಲಿ ಕೆಂಪು ತುಕ್ಕು. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ತಂದು ಹಿಡಿದರೆ ಟಕ್ ಅಂತ ಅಂಟಿಕೊಂಡಿತು. ಉಕ್ಕಿಗೆ ಹಿತ್ತಾಳೆ ಲೇಪ! ಉಕ್ಕು ಕೆಟ್ಟದ್ದಲ್ಲ. 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪ, ಒಳ್ಳೇ ಗಟ್ಟಿ. ಉಕ್ಕು ಅಂತಲೇ ಹೇಳಿ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಎಣ್ಣೆ ಸವರುತ್ತೇನೆ. ನೀವು ಕೊಳ್ಳುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ.

ಮೂರನೆಯದು ನಿಜವಾದ ಹಿತ್ತಾಳೆ, 1.9 ಕೆ.ಜಿ. ಇದಕ್ಕೆ ಕೊಟ್ಟ ದುಡ್ಡು ಸಾರ್ಥಕ. ಗ್ರೀಕರು ಬಳಸಿದ್ದು ಕಂಚು. ಒಂದೇ ತಗಡನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಇಡೀ ಶಿರಸ್ತ್ರಾಣ ಎಬ್ಬಿಸುತ್ತಿದ್ದರು. ನನ್ನದೂ ಬಡಿದು ಮಾಡಿದ್ದೇ. ಒಳಗೆ ಬೆರಳಾಡಿಸಿದರೆ ಸುತ್ತಿಗೆಯ ಏಟುಗಳು ಸಣ್ಣ ಸಣ್ಣ ತಗ್ಗುಗಳಾಗಿ ಸಿಗುತ್ತವೆ. ನಡು ನೆತ್ತಿಯಲ್ಲಿ ಬೆಸುಗೆ ಇಲ್ಲ. ಕಡಿಮೆ ಬೆಲೆಯವುಗಳಲ್ಲಿ ಎರಡು ಹೋಳು ಕೂಡಿಸಿದ ಗೆರೆ ಅಲ್ಲೇ ಇರುತ್ತದೆ, ಒಳಗಿನಿಂದ ನೋಡಿ.

ಹಾಕಿಕೊಂಡಾಗ ಕಿವಿ ಪೂರ್ತಿ ಮುಚ್ಚುತ್ತದೆ. ಅಡುಗೆಮನೆಯಿಂದ ಮಗಳು ಕರೆದರೆ ಬಾವಿಯೊಳಗಿಂದ ಕರೆದ ಹಾಗೆ ಕೇಳುತ್ತದೆ. ಮುಂದೆ ಗ್ರೀಕ್ ಕುಶಲಕರ್ಮಿಗಳು ಕಿವಿಯ ಹತ್ತಿರ ಲೋಹ ಕತ್ತರಿಸಿ ಜಾಗ ಬಿಟ್ಟದ್ದು ಯಾಕೆ ಅಂತ ನನಗೆ ಆಗ ಚೆನ್ನಾಗಿ ಗೊತ್ತಾಯಿತು. ಒಳಗೆ ಮೆತ್ತೆ ಇಲ್ಲದೆ ಇಪ್ಪತ್ತು ನಿಮಿಷ ಹಾಕಿದರೆ ಹಣೆ ನೋಯುತ್ತದೆ. ಕೊಟ್ಟಿದ್ದ ತೆಳು ರೆಕ್ಸಿನ್ ಕಿತ್ತು ದಪ್ಪ ಉಣ್ಣೆ ಕಂಬಳಿಯ ತುಂಡು ಹೊಲಿಸಿದೆ. ಹಳೇ ಶಿರಸ್ತ್ರಾಣಗಳಲ್ಲೂ ಕೆಲವಕ್ಕೆ ಒಳಪದರ ಹೊಲಿಯಲು ಅಂಚಿನುದ್ದಕ್ಕೂ ತೂತುಗಳಿವೆ.

ಜೊತೆಗೆ ಬಂದ ಕೆಂಪು ತುರಾಯಿ ಪ್ಲಾಸ್ಟಿಕ್‌ನದ್ದು. ಎರಡು ವರ್ಷಕ್ಕೆ ಬಿಳಿಚಿಕೊಂಡಿತು. ಆಗ ಗ್ರೀಸ್‌ನ ಒಲಿಂಪಿಯಾದ ಮ್ಯೂಸಿಯಂನಲ್ಲಿರುವ ಮಿಲ್ಟಿಯಾಡೀಸನ ಶಿರಸ್ತ್ರಾಣದ ಚಿತ್ರ ನೋಡಿದೆ. ಕ್ರಿ.ಪೂ. 490ರ ಮ್ಯಾರಥಾನ್ ಯುದ್ಧದ ಸೇನಾನಿ ಅವನು. ಅದನ್ನು ಜ್ಯೂಸ್ ದೇವರಿಗೆ ಅರ್ಪಿಸಿದ ಅಂತ ಅದರ ಮೇಲೇ ಕೆತ್ತಿದೆ. ಹಸಿರುಗಟ್ಟಿದ ಕಂಚು, ತುರಾಯಿ ಇಲ್ಲ, ಆದರೂ ಎಷ್ಟು ಚಂದ! ನನ್ನದರ ತುರಾಯಿಯನ್ನೂ ಬಿಚ್ಚಿದೆ. ಹುಣಸೆಹಣ್ಣು ಈಗ ಮುಟ್ಟಿಸುವುದಿಲ್ಲ. ಹಿತ್ತಾಳೆ ತಾನಾಗಿ ಕಂದುಬಣ್ಣಕ್ಕೆ ತಿರುಗುತ್ತಿದೆ. ಮಗಳು ಅದನ್ನು ಹಣೆಯಿಂದ ಮೇಲಕ್ಕೆ ಸರಿಸಿ ಹಾಕಿಕೊಳ್ಳುತ್ತಾಳೆ, ಹಳೇ ಅಥೆನ್ಸ್‌ನ ನಾಯಕ ಪೆರಿಕ್ಲೀಸನ ಪ್ರತಿಮೆಯಲ್ಲಿರುವ ಹಾಗೇ.