ಹಾಸನದಿಂದ ಅಯ್ಯನಕೆರೆ, ಮುಳ್ಳಯ್ಯನಗಿರಿ, ಬೆಂದ್ರುತೀರ್ಥ: ಬಾಡಿಗೆ ಕಾರಿನ ಅನುಭವ

ಕೆರೆ, ಬೆಟ್ಟ, ಬಿಸಿನೀರಿನ ಬುಗ್ಗೆ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಬೇಕು ಅಂತಿದ್ದರೆ ಹಾಸನದಿಂದಲೇ ಕಾರು ಮಾಡಿಕೊಳ್ಳಿ. ಕಾರು ಯಾವುದಾದರೂ ಆಗಲಿ, ಘಾಟಿ ಓಡಿಸಿ ಪಳಗಿದ ಡ್ರೈವರನ್ನೇ ಕೇಳಿ. ಡಿಸೆಂಬರ್ ರಜೆಯಲ್ಲಿ ನಾವು ಹೀಗೇ ಹೋಗಿಬಂದೆವು. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿನ ನಮ್ಮತ್ತೆ. ಮನೆ ಹತ್ತಿರದ ಚಿಕ್ಕ ಟ್ರಾವೆಲ್ಸ್‌ನವರ ಇನ್ನೋವಾ. ಕಿಲೋಮೀಟರಿಗೆ 19 ರೂಪಾಯಿ, ಡ್ರೈವರ್ ಬಾಟಾ ಬೇರೆ, ಟೋಲ್ ಪಾರ್ಕಿಂಗ್ ನಮ್ಮದು.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಹೊಗಳಿಕೆ ಡ್ರೈವರ್‌ಗೇ ಸಲ್ಲಬೇಕು. ಹೊರಡುವ ಹಿಂದಿನ ಸಂಜೆಯೇ ಫೋನ್ ಮಾಡಿದರು. "ಅಕ್ಕ, ಅಜ್ಜಿನೂ ಬರ್ತಾರಲ್ವಾ? ಹಾಗಿದ್ರೆ ಮುಂದಿನ ಸೀಟು ಅವರಿಗೆ ಬಿಡಿ" ಅಂದರು. ಮುಳ್ಳಯ್ಯನಗಿರಿಗೆ ಈಗ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕು. ಗಾಡಿ ನಂಬರ್ ಕಳಿಸಿ ಅದನ್ನೂ ನೆನಪಿಸಿದರು.

ಬೇಲೂರು, ಚಿಕ್ಕಮಗಳೂರು ದಾಟಿ ಮೊದಲು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಹೋದೆವು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಜೀರ್ಣೋದ್ಧಾರವಾದ ಕೆರೆ ಇದು. ಇವತ್ತಿಗೂ ಇದರ ನೀರು ಹೊಲ ತೋಟಕ್ಕೆ ಹರಿಯುತ್ತದೆ. ಆಚೆ ದಡಕ್ಕೆ ಚೂಪಾಗಿ ನಿಂತ ಶಕುನಗಿರಿ, ಅದರ ನೆರಳು ನೀರಲ್ಲಿ. ಅತ್ತೆ ಜಾಸ್ತಿ ನಡೆಯಬಾರದೆಂದು ಕಾರನ್ನು ಏರಿಯ ಹತ್ತಿರಕ್ಕೇ ತಂದು ನಿಲ್ಲಿಸಿದರು.

ಮಾರನೇ ದಿನ ಬೆಳಗಿನ ಜಾವವೇ ಗಿರಿ. ರಾಜ್ಯದ ಅತಿ ಎತ್ತರದ ಶಿಖರ, 1,900 ಮೀಟರಿಗೂ ಜಾಸ್ತಿ. ರಸ್ತೆ ಕಿರಿದು, ಎದುರು ಗಾಡಿ ಬಂದರೆ ಅಂಚಿಗೆ ಸರಿಯಬೇಕು. ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ತುದಿಯಲ್ಲಿ ಗದ್ದುಗೆ, ಗಾಳಿ, ಮಂಜು. ಬೇಗ ಹೋದದ್ದಕ್ಕೆ ಜನ ಕಮ್ಮಿ ಇದ್ದರು.

ನಿಜವಾದ ಪರೀಕ್ಷೆ ಚಾರ್ಮಾಡಿ. ಮೂಡಿಗೆರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಬಂದಾಗ ನೀರ್‌ದೋಸೆ ತಿನ್ನದೆ ಮುಂದೆ ಹೋಗೋಕೆ ಆಗುತ್ತಾ? ಚಿಕ್ಕವನು ಮೂರನೇ ದೋಸೆಗೆ ಕೈ ಹಾಕಿದಾಗ ಡ್ರೈವರ್, "ಪುಟ್ಟ, ಎರಡು ಸಾಕು. ಘಾಟಿ ಇಳಿದ ಮೇಲೆ ಏನು ಬೇಕಾದ್ರೂ ತಿನ್ನು" ಅಂದರು. ಇಳಿಯುವಾಗ ಎಸಿ ಆರಿಸಿ ಕಿಟಕಿ ಇಳಿಸಿದರು. ಬ್ರೇಕ್ ಮೇಲೇ ಕಾಲಿಟ್ಟುಕೊಳ್ಳದೆ ಸೆಕೆಂಡ್ ಗೇರಿನಲ್ಲೇ ನಿಧಾನಕ್ಕೆ ಇಳಿಸಿದರು. ಪ್ರತಿ ತಿರುವಿಗೂ ಮುಂಚೆ ಹಾರ್ನ್. ಹಿಂದೆ ಬೇರೆ ಊರಿನ ಕಾರಿನಲ್ಲಿ ಇದೇ ದಾರಿಯಲ್ಲಿ ಬಂದಿದ್ದೆವು. ಆಗ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತಿತ್ತು, ಮಕ್ಕಳಿಬ್ಬರೂ ವಾಂತಿ ಮಾಡಿಕೊಂಡಿದ್ದರು. ಈ ಸಲ ಯಾರಿಗೂ ಹೊಟ್ಟೆ ತೊಳೆಸಲಿಲ್ಲ. ನನಗಂತೂ ಇದೊಂದಕ್ಕೇ ಕೊಟ್ಟ ಹಣ ಸಾರ್ಥಕ ಅನ್ನಿಸಿತು.

ಉಜಿರೆ, ಉಪ್ಪಿನಂಗಡಿ ದಾಟಿ ರಾತ್ರಿ ಪುತ್ತೂರಿನಲ್ಲಿ ಉಳಿದೆವು. ಬೆಳಿಗ್ಗೆ ಇರ್ದೆಯ ಬೆಂದ್ರುತೀರ್ಥ. ಸೀರೆಹೊಳೆಯ ದಡದಲ್ಲಿ, ಅಡಿಕೆ ತೋಟಗಳ ಮಧ್ಯೆ ಒಂದು ಚಿಕ್ಕ ಕೊಳ. ದೊಡ್ಡ ಜಾಗ ಅಂತ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಹತ್ತಿರ ಹೋದರೆ ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ. ನೀರು ಕುದಿಯುವಂಥದ್ದಲ್ಲ, ಸ್ನಾನಕ್ಕೆ ಕಾಯಿಸಿ ಬೆರೆಸಿಟ್ಟ ನೀರಿನ ಹದ. ಇಲ್ಲಿ ಜ್ವಾಲಾಮುಖಿ ಏನೂ ಇಲ್ಲ. ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿದ ನೀರು ಭೂಮಿಯ ಕಾವಿಗೆ ಬಿಸಿಯಾಗಿ ಮೇಲೆ ಬರುತ್ತದೆ ಎಂದು ಮಗಳಿಗೆ ಅವರಪ್ಪ ಹೇಳಿಕೊಟ್ಟರು. ಅತ್ತೆ ಕಾಲು ಇಳಿಬಿಟ್ಟು ಕೂತವರು ಏಳಲೇ ಒಲ್ಲರು. ಮಂಡಿನೋವು ವಾಸಿಯಾಯಿತು ಅಂತ ನಾನು ಹೇಳಲ್ಲ, ಆದರೆ ಅವರ ಮುಖ ನೋಡಿ ನನಗೆ ತುಂಬ ಖುಷಿಯಾಯಿತು. ಡ್ರೈವರ್ ಒಮ್ಮೆಯೂ "ಹೊರಡೋಣ್ವಾ" ಅನ್ನಲಿಲ್ಲ. ಟವೆಲ್ಲು, ಬದಲಿ ಬಟ್ಟೆ, ಕುಡಿಯುವ ನೀರು ನೀವೇ ಒಯ್ಯಿರಿ.

ವಾಪಸ್ ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತಿದೆವು. ಆನೆ ಓಡಾಡುವ ಕಾಡು, ಕತ್ತಲಾಗುವ ಮುಂಚೆ ದಾಟಬೇಕು ಅಂತ ಮಧ್ಯಾಹ್ನವೇ ಹೊರಡಿಸಿದ್ದರು. ವ್ಯೂ ಪಾಯಿಂಟಿನಲ್ಲಿ ಕುಮಾರಪರ್ವತದ ಸಾಲು ನೋಡಿದ ಮೇಲೆ, ನಮ್ಮ ಪಟ್ಟಿಯಲ್ಲೇ ಇಲ್ಲದ ಒಂದು ಕಡೆ ಕಾರು ನಿಲ್ಲಿಸಿದರು. ಮಂಕನಹಳ್ಳಿ ಹತ್ತಿರದ ರಿಡ್ಜ್. ಮಳೆನೀರು ಎರಡು ಕಡೆಗೆ ಒಡೆದು ಹೋಗುವ ಜಾಗ. ಈ ಕಡೆ ಬಿದ್ದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಆ ಕಡೆಯದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಮಗಳು ಬಾಟಲಿಯ ನೀರನ್ನು ಅರ್ಧ ಈ ಕಡೆ, ಅರ್ಧ ಆ ಕಡೆ ಸುರಿದು, "ಇದು ನಮ್ಮ ಗೊರೂರಿಗೆ, ಅದು ಉಪ್ಪಿನಂಗಡಿಗೆ" ಅಂದಳು. ಇಂಥದ್ದನ್ನು ಊರಿನ ಡ್ರೈವರ್ ತೋರಿಸಬೇಕೇ ಹೊರತು ಮ್ಯಾಪ್ ನೋಡಿಕೊಂಡು ಬಂದವರಿಗೆ ಹೊಳೆಯುವುದಿಲ್ಲ.

ಕೊರತೆ ಎರಡು. ಹಿಂದಿನ ಸಾಲಿನ ಒಂದು ಸೀಟ್ ಬೆಲ್ಟ್ ಸಿಕ್ಕಿಕೊಂಡು ಎಳೆದರೂ ಬರಲಿಲ್ಲ. ಘಾಟಿಗೆ ಹೋಗುವ ಗಾಡಿಯಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಮಕ್ಕಳನ್ನು ನಡುವಿನ ಸಾಲಿಗೆ ಕರೆದುಕೊಂಡೆವು. ಇನ್ನೊಂದು, ದಿನಕ್ಕೆ ಇಷ್ಟು ಕಿಲೋಮೀಟರ್ ಕನಿಷ್ಠ ಎಂಬ ಲೆಕ್ಕವನ್ನು ಆಫೀಸಿನವರು ಬಿಲ್ ಕೊಡುವಾಗ ಹೇಳಿದರು. ಮೊದಲೇ ಹೇಳಬೇಕಿತ್ತು. ಎರಡನ್ನೂ ಅವರಿಗೆ ತಿಳಿಸಿದ್ದೇನೆ, ಬೆಲ್ಟ್ ರಿಪೇರಿ ಮಾಡಿಸಿ ಫೋಟೋ ಕಳಿಸಿದ್ದಾರೆ. ನೀವು ಯಾರ ಹತ್ತಿರ ಗಾಡಿ ತೆಗೆದುಕೊಂಡರೂ ಮುಂಗಡ ಕೊಡುವ ಮುಂಚೆ ಕನಿಷ್ಠ ಕಿಲೋಮೀಟರ್ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ, ಲಗೇಜ್ ಹಾಕುವ ಮುಂಚೆ ಎಲ್ಲ ಬೆಲ್ಟನ್ನೂ ಎಳೆದು ನೋಡಿ.