ವೀರಗಲ್ಲಿನ ಒಂದು ಸಾಲು, ಐದು ನಿಘಂಟು

ಸೊರಬ, ಶಿಕಾರಿಪುರದ ಕಡೆ ಓಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆರೆ ಏರಿ ಮೇಲೆ, ಗುಡಿ ಹಿಂದೆ, ಕೆಲವು ಕಡೆ ಗದ್ದೆ ಬದುವಿನಲ್ಲೂ ನಿಂತಿರುತ್ತವೆ. ದನ ಕದ್ದೊಯ್ಯುತ್ತಿದ್ದವರ ಜೊತೆ ಹೋರಾಡಿ ಸತ್ತವರ ಕಲ್ಲುಗಳೇ ಜಾಸ್ತಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದು: ‘ತುಱುವಂ ಮಗುಳ್ಚಿ ಸುರಲೋಕಪ್ರಾಪ್ತನಾದಂ’. ಕೆಲವು ಕಡೆ ‘ಪೆಣ್ಬುಯ್ಯಲ್’ ಎಂಬ ಪದವೂ ಇರುತ್ತದೆ.

ಕಲ್ಲಿನ ಮೇಲಿನ ಅಕ್ಷರ ಓದಲು ನನಗೆ ಬರುವುದಿಲ್ಲ. ಹಾಗಾಗಿ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸ್ಕ್ಯಾನ್ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡೆ. ಶಿಕಾರಿಪುರ 7ನೇ ಸಂಪುಟದಲ್ಲಿದೆ, ಸೊರಬ ಮತ್ತು ಸಾಗರ 8ನೇ ಸಂಪುಟದಲ್ಲಿವೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಸಿಗುತ್ತವೆ. ಅನುವಾದದಿಂದ ಕಥೆ ತಿಳಿಯುತ್ತದೆ. ಆದರೆ ನನಗೆ ಒಂದೊಂದು ಪದವೂ ಬೇಕಿತ್ತು. ತುಱು, ಮಗುಳ್ಚು, ಪುಯ್ಯಲ್, ಮತ್ತರ್ ಎಂಬ ನಾಲ್ಕು ಪದ ಹಿಡಿದುಕೊಂಡು ಐದು ನಿಘಂಟು ನೋಡಿದೆ.

ಮೊದಲು ತೆರೆದದ್ದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ಬರೆಯುವಾಗ ಅಕ್ಷರ ಸ್ವಲ್ಪ ಆಚೀಚೆ ಆದರೂ ಉಚ್ಚಾರಣೆ ಹಿಡಿದು ಹತ್ತಿರದ ಪದ ತೋರಿಸುತ್ತದೆ. ಶಾಸನ ಓದುವವರಿಗೆ ಇದು ದೊಡ್ಡ ಉಪಕಾರ. ಕಲ್ಲಿನಲ್ಲಿ ದೀರ್ಘವೋ ಹ್ರಸ್ವವೋ ಎಂಬ ಅನುಮಾನ ಯಾವಾಗಲೂ ಇದ್ದದ್ದೇ ಅಲ್ವಾ? ತುರು ಎಂದು ಹಾಕಿದೆ, ಹಸು ಎಂದು ಬಂತು. ಬಸ್ಸಿನಲ್ಲಿ ಕೂತು ಓದುವಾಗ ಇಷ್ಟು ಸಾಕು. ಆದರೆ ಈ ಅರ್ಥ ಯಾವ ಕಾಲದ್ದು, ಯಾರು ಹಾಗೆ ಬಳಸಿದ್ದರು ಎಂಬ ಪ್ರಶ್ನೆಗೆ ಬೇರೆ ಕಡೆ ಹೋಗಬೇಕು.

ಹೋದದ್ದು ಕಿಟೆಲ್ ಹತ್ತಿರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿಸಿದ ನಿಘಂಟು, ಈಗ ಸ್ಕ್ಯಾನ್ ಪ್ರತಿಯಾಗಿ ಸುಲಭವಾಗಿ ಸಿಗುತ್ತದೆ. ಪದ ಹೊಡೆದು ಹುಡುಕುವ ಸುಖ ಇಲ್ಲಿಲ್ಲ, ಪುಟ ತಿರುಗಿಸುತ್ತಲೇ ಹೋಗಬೇಕು. ಆದರೂ ಇದೇ ನನಗೆ ಹೆಚ್ಚು ಹಿಡಿಸಿತು. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಕಿಟೆಲ್ ಕೈಬಿಡಲಿಲ್ಲ. ಹಾಗಾಗಿ ಶಾಸನದಲ್ಲಿ ಇದ್ದ ಹಾಗೇ ತುಱು ಹುಡುಕಬಹುದು. ಪಕ್ಕದಲ್ಲೇ ತಮಿಳು, ತೆಲುಗು, ತುಳು, ಮಲಯಾಳದ ಸಂಬಂಧಿಕ ಪದಗಳು, ಅಲ್ಲಲ್ಲಿ ಗಾದೆಗಳು ಇರುತ್ತವೆ.

ಮಗುಳ್ಚು ಪದದಲ್ಲಿ ನಾನು ಮೊದಲು ದಾರಿ ತಪ್ಪಿದ್ದೆ. ಈಗಿನ ‘ಮಗುಚು’ ತಲೆಯಲ್ಲಿತ್ತು. ದೋಣಿ ಮಗುಚಿತು ಅನ್ನುತ್ತೇವಲ್ಲ, ಆ ಮಗುಚು. ದನವನ್ನು ಮಗುಚುವುದು ಎಂದರೇನು ಎಂದು ಅರ್ಥವೇ ಆಗಲಿಲ್ಲ. ಮಗುಳ್ ಎಂದರೆ ಹಿಂದಿರುಗು, ಮಗುಳ್ಚು ಎಂದರೆ ಹಿಂದಿರುಗಿಸು. ದನಗಳನ್ನು ಕಳ್ಳರ ಕೈಯಿಂದ ಬಿಡಿಸಿ ಊರಿಗೆ ತಿರುಗಿಸಿ ಸತ್ತ ಎಂದು ಸಾಲು ತೆರೆದುಕೊಂಡಿತು. ಒಂದು ಕ್ರಿಯಾಪದದಲ್ಲಿ ಆ ಮನುಷ್ಯನ ಕೊನೆಯ ದಿನವೇ ಇದೆ.

ಇಲ್ಲೊಂದು ಸಣ್ಣ ಮಾತು. ಫೋನಿನಲ್ಲಿ ಱ, ೞ ಅಕ್ಷರ ಸಿಗದೆ ಒದ್ದಾಡುವವರು ಬಹಳ. ಯುನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ‘ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿದೆ. ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ. ಆ ಹೆಸರಲ್ಲೇ ಹುಡುಕಿ ಒಂದು ಸಲ ನಕಲು ಮಾಡಿಟ್ಟುಕೊಳ್ಳಿ, ಆಮೇಲೆ ತೊಂದರೆ ಇಲ್ಲ.

ಮೂರನೆಯದು ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು. 1984ರ ಎರಡನೇ ಆವೃತ್ತಿಯನ್ನು ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ನೋಡಬಹುದು. ಎಲ್ಲ ರೋಮನ್ ಲಿಪಿಯಲ್ಲಿದೆ, ಮೇಲೆ ಕೆಳಗೆ ಗುರುತುಗಳಿರುವ ಅಕ್ಷರಗಳು. ಮೊದಲ ದಿನ ಕಣ್ಣಿಗೆ ಕಷ್ಟ. ಸಂಸ್ಕೃತದಿಂದ ಬಂದ ಸುರಲೋಕದಂಥ ಪದ ಇಲ್ಲಿ ಹುಡುಕಬೇಡಿ. ಆದರೆ ತುಱು ಪದಕ್ಕೆ ಇದು ಕೊಟ್ಟದ್ದನ್ನು ನಾನು ಮರೆಯುವುದಿಲ್ಲ. ಕನ್ನಡದ ತುಱು ಪಕ್ಕ ತಮಿಳಿನ ‘ತೊಱು’ ಇದೆ, ಹಸುಗಳ ಹಿಂಡು ಎಂಬ ಅರ್ಥದಲ್ಲಿ. ತಮಿಳುನಾಡಿನ ಚೆಂಗಮ್ ಸುತ್ತಲಿನ ವೀರಗಲ್ಲುಗಳಲ್ಲೂ ಇದೇ ಪದ ಬರುತ್ತದೆ. ಎರಡು ನಾಡು, ಒಂದೇ ಜಗಳ, ಒಂದೇ ಪದ.

ಡಿ.ಸಿ. ಸರ್ಕಾರ್ ಅವರ 1966ರ ಇಂಡಿಯನ್ ಎಪಿಗ್ರಾಫಿಕಲ್ ಗ್ಲಾಸರಿ ಬೇರೆಯೇ ಕೆಲಸದ್ದು. ತೆರಿಗೆ, ನಾಣ್ಯ, ಅಳತೆ, ಅಧಿಕಾರಿಗಳ ಹೆಸರು ಬೇಕಾದಾಗ ಮಾತ್ರ ತೆರೆಯುತ್ತೇನೆ. ಗದ್ಯಾಣ, ಮತ್ತರ್ ಎರಡೂ ಸಿಗುತ್ತವೆ. ಮತ್ತರ್ ಭೂಮಿಯ ಅಳತೆ. ಅದನ್ನು ಇಷ್ಟು ಎಕರೆ ಎಂದು ಬರೆಯುವ ಆತುರ ಬೇಡ. ಅಳೆಯುವ ಕೋಲು ಊರಿಂದ ಊರಿಗೆ ಬೇರೆ ಇತ್ತು. ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂದು ಕೋಲಿನ ಹೆಸರನ್ನೇ ಹೇಳುತ್ತಾರೆ. ಕೋಲು ಬದಲಾದರೆ ಮತ್ತರ್ ಕೂಡ ಬದಲು.

ಕೊನೆಯದು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂತು. ಇದನ್ನು ನಾನು ಗ್ರಂಥಾಲಯದಲ್ಲೇ ಕೂತು ನೋಡಿದೆ. ತೂಕದ ಪುಸ್ತಕಗಳು, ಒಂದೊಂದಾಗಿ ಇಳಿಸಿ ಏರಿಸಿ ಕೈ ಸೋತಿತು. ಆದರೂ ಐದರಲ್ಲಿ ಒಂದನ್ನೇ ನಂಬು ಎಂದರೆ ಇದನ್ನೇ ನಂಬುತ್ತೇನೆ. ಕಾರಣ ಒಂದೇ. ಇದು ಅರ್ಥ ಹೇಳಿ ಸುಮ್ನೆ ಬಿಡುವುದಿಲ್ಲ. ಶಾಸನದಲ್ಲಿ ಹೀಗೆ ಬಂದಿದೆ, ಕಾವ್ಯದಲ್ಲಿ ಹೀಗೆ ಬಂದಿದೆ ಎಂದು ಪ್ರಯೋಗಗಳನ್ನು ಮುಂದಿಡುತ್ತದೆ. ಪುಯ್ಯಲ್ ಎಂದರೆ ಗೋಳು, ಕೂಗು. ಪಕಾರ ಹಕಾರವಾಗಿ ಹುಯ್ಯಲ್ ಆಯಿತು. ‘ಯಾಕೆ ಹುಯಿಲೆಬ್ಬಿಸ್ತೀಯ’ ಎಂದು ಇವತ್ತಿಗೂ ಬೈಯುತ್ತೇವಲ್ಲ, ಅದೇ ಪದ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಹೆಣ್ಣುಮಕ್ಕಳ ಮೇಲೆ ಕೈ ಮಾಡಿದಾಗ ಎದ್ದ ಕೂಗು. ಆ ಕೂಗು ಕೇಳಿ ಓಡಿಹೋದವನ ಕಲ್ಲು ಅದು. ಇದು ಗೊತ್ತಾದ ದಿನ ಬೇರೆ ಯಾವ ಪದವನ್ನೂ ನೋಡಲಾಗಲಿಲ್ಲ.

ಇನ್ನೊಂದು ಹೇಳಲೇಬೇಕು, ಅದು ನಿಘಂಟಲ್ಲ. ವಚನ ಸಂಚಯ ಎಂಬ ಜಾಲತಾಣದಲ್ಲಿ ಯಾವ ಪದ ಹಾಕಿದರೂ ಅದು ಬಂದಿರುವ ವಚನಗಳೆಲ್ಲ ಸಾಲಾಗಿ ಸಿಗುತ್ತವೆ. ತುರು ಎಂದು ಹುಡುಕುವಾಗ ತುರುಗಾಹಿ ರಾಮಣ್ಣ ನೆನಪಾದರು. ದನ ಕಾಯುವುದೇ ಕಾಯಕವಾಗಿದ್ದ ಶರಣರು. ಅವರ ಅಂಕಿತವೂ ‘ಗೋಪತಿನಾಥ ವಿಶ್ವೇಶ್ವರಲಿಂಗ’.

ಈಗ ನನ್ನ ರೂಢಿ ಹೀಗಾಗಿದೆ. ಕಲ್ಲಿನ ಮುಂದೆ ನಿಂತಾಗ ಅಲರ್. ಮನೆಗೆ ಬಂದ ಮೇಲೆ ಕಿಟೆಲ್. ಪದದ ಬೇರು ಕಾಡಿದರೆ ಬರೋ-ಎಮೆನೊ, ಲೆಕ್ಕದ ಪದವಾದರೆ ಸರ್ಕಾರ್. ಏನಾದರೂ ಬರೆದು ಯಾರಿಗಾದರೂ ತೋರಿಸುವ ಮೊದಲು ಪರಿಷತ್ತಿನ ಸಂಪುಟ ನೋಡದೆ ಬಿಡುವುದಿಲ್ಲ.

ಮುಂದಿನ ವಾರ ಮತ್ತೆ ಸೊರಬದ ಕಡೆ ಹೊರಟಿದ್ದೇನೆ. ಒಂದು ಕಲ್ಲಿನ ಪಾಠದಲ್ಲಿ ಮತ್ತರ್ ಇದೆ, ಭೂಮಿ ಬಿಟ್ಟುಕೊಟ್ಟ ಮಾತಿದೆ. ಯಾವ ಕೋಲಿನಿಂದ ಅಳೆದರೆಂದು ಅದರ ಕೊನೆಯ ಸಾಲಿನಲ್ಲಿ ಇದೆಯೋ ನೋಡಬೇಕು.