ಹುಬ್ಬಳ್ಳಿಯಿಂದ ಹೊರಡುವ ‘ಕಾಡು–ಕಡಲು’ ಪ್ಯಾಕೇಜ್: ಕಡಲಿನ ಭಾಗ ಸರಿ, ಕಾಡಿನ ಭಾಗ ತಿದ್ದಿಸಿಕೊಂಡು ಕೊಳ್ಳಿ

ಮಳೆಗಾಲ ಮುಗಿಯುತ್ತಿದ್ದಂತೆ ಹುಬ್ಬಳ್ಳಿ–ಧಾರವಾಡದ ಪ್ರವಾಸ ಕಚೇರಿಗಳಲ್ಲಿ ‘ಕಾಡು–ಕಡಲು’ ಎಂಬ ಪ್ಯಾಕೇಜಿನ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಅದರ ಹಂದರ ಸರಳವಾದುದು: ಎರಡು ರಾತ್ರಿ ದಾಂಡೇಲಿ, ಎರಡು ರಾತ್ರಿ ಕಾರವಾರ, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಟೆಂಪೊ ಟ್ರಾವೆಲರ್, ನಡುವೆ ಒಂದು ಸಫಾರಿ, ಒಂದು ರಾಫ್ಟಿಂಗ್ ಮತ್ತು ಒಂದು ದೋಣಿ ವಿಹಾರ. ಮೊಣಕಾಲು ನೋವಿನ ಮಾವನವರು, ಮೀನು ಮುಟ್ಟದ ಅತ್ತೆಯವರು, ಹುಲಿಯ ಹೊರತು ಬೇರೇನನ್ನೂ ಕೇಳದ ಮಕ್ಕಳು ಹಾಗೂ ಅಕ್ಕನ ಕುಟುಂಬದೊಡನೆ ಕಳೆದ ಚಳಿಗಾಲದಲ್ಲಿ ನಾವು ಕೊಂಡದ್ದು ಇದನ್ನೇ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ವಿಚಾರಿಸಿದ ಇತರ ಕಚೇರಿಗಳೂ ಹೆಚ್ಚುಕಡಿಮೆ ಇದೇ ಕಾರ್ಯಕ್ರಮಪಟ್ಟಿಯನ್ನು ಬೇರೆ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದವು. ಹಾಗಾಗಿ ವಿಮರ್ಶೆಗೆ ಯೋಗ್ಯವಾಗಿರುವುದು ಕಚೇರಿಗಿಂತ ಆ ಪಟ್ಟಿಯೇ.

ಪಟ್ಟಿಯ ಮೊದಲರ್ಧದ ಮುಖ್ಯ ದೋಷವೆಂದರೆ ದಾಂಡೇಲಿಯನ್ನು ಬಂಡೀಪುರದಂತೆ ಮಾರುವುದು. ಮುಂಗಡ ಕಟ್ಟುವಾಗ ಕಚೇರಿಯವರು “ಅಕ್ಕಾರ, ಹುಲಿ ನೋಡಿಕೊಂಡೇ ಬರ್ತೀರಿ” ಎಂದು ಮಕ್ಕಳ ಎದುರಿನಲ್ಲಿಯೇ ಹೇಳಿದರು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಲಾಯಿತು, 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾಯಿತು. ಅಲ್ಲಿ ಹುಲಿಗಳಿವೆ, ಕರಿಚಿರತೆಗಳೂ ಇವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಾಡಿನಲ್ಲಿ ಪ್ರಾಣಿ ಇರುವುದಕ್ಕೂ ಜೀಪಿನಲ್ಲಿ ಕುಳಿತವರ ಕಣ್ಣಿಗೆ ಬೀಳುವುದಕ್ಕೂ ಬಹಳ ಅಂತರವಿದೆ. ಕಬಿನಿಯಲ್ಲಿ ಬೇಸಿಗೆ ಬಂದಂತೆ ಕಾಡಿನೊಳಗಿನ ನೀರು ಬತ್ತಿ ಆನೆಗಳ ಹಿಂಡುಗಳು ಹಿನ್ನೀರಿನ ಹುಲ್ಲುಗಾವಲಿಗೆ ಇಳಿಯುತ್ತವೆ, ಬಂಡೀಪುರದ ಒಣ ಕಾಡಿನಲ್ಲಿ ಕೆರೆಯ ಬಳಿ ಕಾದರೆ ಏನಾದರೂ ಬಂದೇ ಬರುತ್ತದೆ. ಕಾಳಿಯ ಕಾಡು ಹಾಗಲ್ಲ. ಇಲ್ಲಿ ಹೊಳೆ, ಹಳ್ಳ, ಜಲಾಶಯಗಳು ಎಲ್ಲೆಡೆ ಇರುವುದರಿಂದ ಪ್ರಾಣಿಗಳು ಒಂದೇ ಕಡೆಗೆ ನೀರಿಗೆ ಬರಬೇಕಾದ ಪ್ರಮೇಯವಿಲ್ಲ. ಬಿದಿರು ಮತ್ತು ಪೊದೆಗಳು ದಟ್ಟವಾಗಿರುವುದರಿಂದ ರಸ್ತೆಯ ಪಕ್ಕದಲ್ಲಿಯೇ ನಿಂತ ಕಾಡುಕೋಣವೂ ತಲೆ ಅಲ್ಲಾಡಿಸುವವರೆಗೆ ಮರದ ಬೊಡ್ಡೆಯಂತೆಯೇ ತೋರುತ್ತದೆ.

ನಮಗೆ ಕಾಡುಕೋಣ, ಜಿಂಕೆ ಮತ್ತು ಕಡವೆ ಕಂಡವು, ಮೇಲಿನ ಕೊಂಬೆಗಳಲ್ಲಿ ಉದ್ದ ಬಾಲದ ಕೆಂದಳಿಲು ಕಂಡಿತು. ಇದು ದಾಂಡೇಲಿಯ ಮಟ್ಟಿಗೆ ಒಳ್ಳೆಯ ಸಫಾರಿಯೇ. ಹುಲಿಯ ಮಾತು ಕೇಳಿ ಬಂದಿದ್ದ ಮಕ್ಕಳಿಗೆ ಮಾತ್ರ ಅದು ಸೋಲಿನಂತೆ ತೋರಿತು, ಮತ್ತು ಆ ಸೋಲಿಗೆ ಕಾರಣ ಕಾಡಲ್ಲ, ಮುಂಗಡದ ರಸೀದಿ ಕೊಟ್ಟವರ ಬಾಯಿ.

ಇದಕ್ಕಿಂತ ದೊಡ್ಡ ನಷ್ಟ ವೇಳಾಪಟ್ಟಿಯಲ್ಲಿತ್ತು. ದಾಂಡೇಲಿಗೆ ಹೋಗಲು ನಿಜವಾದ ಕಾರಣ ಹುಲಿಯಲ್ಲ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ. ಪಶ್ಚಿಮಘಟ್ಟದ ನಾಲ್ಕು ಬಗೆಯ ಮಂಗಟ್ಟೆಗಳೂ ಒಂದೇ ಸೀಮೆಯಲ್ಲಿ ಸಿಗುವ ಜಾಗವಿದು, ಮತ್ತು ಇವುಗಳಿಗಾಗಿಯೇ ಸರ್ಕಾರ 2011ರಲ್ಲಿ ಇಲ್ಲಿ ಪ್ರತ್ಯೇಕ ಸಂರಕ್ಷಣಾ ಮೀಸಲನ್ನು ಘೋಷಿಸಿತು. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಬರುವ ಭರ್‌ಭರ್ ಸದ್ದು ಹಕ್ಕಿ ಕಾಣುವ ಮೊದಲೇ ಕೇಳಿಸುತ್ತದೆ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯನ್ನು ಮುಚ್ಚಿಕೊಂಡು, ಕೊಕ್ಕು ಮಾತ್ರ ಹೊರಬರುವಷ್ಟು ಸೀಳನ್ನು ಬಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿಯೇ ಆಲ, ಅತ್ತಿ ಜಾತಿಯ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಆ ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರವೆಲ್ಲ ಉಪವಾಸ. ಇದನ್ನು ತಿಳಿದವರೊಬ್ಬರು ಜೊತೆಗಿದ್ದು ಹಣ್ಣುಬಿಟ್ಟ ಮರವೊಂದರ ಕೆಳಗೆ ಬೆಳಗಿನ ಹೊತ್ತು ನಿಲ್ಲಿಸಿದರೆ ಮಕ್ಕಳು ಹುಲಿಯನ್ನು ಮರೆಯುತ್ತಾರೆ. ಆದರೆ ನಮ್ಮ ಪಟ್ಟಿಯಲ್ಲಿ ಬೆಳಗಿನ ಹೊತ್ತು ರಾಫ್ಟಿಂಗಿಗೆ ಹೋಗಿತ್ತು, ಸಫಾರಿ ಸಂಜೆಯ ಸರದಿಯಲ್ಲಿತ್ತು, ಹಕ್ಕಿಗಳ ಪ್ರಸ್ತಾಪವೇ ಇರಲಿಲ್ಲ. ಮರುದಿನ ಬೆಳಿಗ್ಗೆ ತಂಗುದಾಣದ ಅಡುಗೆಯವರು ತಾವಾಗಿ ಕರೆದು ಹೊಳೆಯ ದಂಡೆಯತ್ತ ಕೈ ತೋರಿಸಿದ್ದರಿಂದ ಜೋಡಿಯೊಂದನ್ನು ನೋಡಿದೆವು. ಅದಕ್ಕೂ ಪ್ಯಾಕೇಜಿಗೂ ಸಂಬಂಧವಿರಲಿಲ್ಲ.

ಆದ್ದರಿಂದ ಕೊಳ್ಳುವವರು ಮುಂಗಡಕ್ಕೆ ಮೊದಲು ಇಷ್ಟನ್ನು ತಿದ್ದಿಸಿಕೊಳ್ಳಬೇಕು: ಸಫಾರಿ ಬೆಳಗಿನ ಸರದಿಯಲ್ಲಿರಲಿ, ಇನ್ನೊಂದು ಬೆಳಗು ಹಕ್ಕಿಗಳಿಗಾಗಿ ಖಾಲಿಯಿರಲಿ, ಹಕ್ಕಿಗಳನ್ನು ಬಲ್ಲ ಸ್ಥಳೀಯ ಮಾರ್ಗದರ್ಶಕರ ಶುಲ್ಕ ದರದಲ್ಲಿ ಸೇರಿರಲಿ. ಗಣೇಶಗುಡಿಯ ಸುತ್ತಲಿನ ತಂಗುದಾಣಗಳಲ್ಲಿ ಪಕ್ಷಿವೀಕ್ಷಣೆಗೆಂದೇ ಬರುವವರು ಬಹಳ; ಜಂಗಲ್ ಲಾಡ್ಜಸ್ ಸಂಸ್ಥೆಯ ಓಲ್ಡ್ ಮ್ಯಾಗಜಿನ್ ಹೌಸ್ ಹೆಸರಾಗಿರುವುದೇ ಇದಕ್ಕಾಗಿ. ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವೂ ಇದೆ. ಇಂತಹ ಕಡೆ ವಸತಿಯನ್ನು ನಾವೇ ಕಾಯ್ದಿರಿಸಿಕೊಂಡು, ವಾಹನ ಮತ್ತು ಕಡಲಿನ ಭಾಗವನ್ನಷ್ಟೇ ಕಚೇರಿಯಿಂದ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಉತ್ತಮ.

ರಾಫ್ಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗಾಗಿ ನೀರು ಬಿಟ್ಟಾಗ ಮಾತ್ರ ಗಣೇಶಗುಡಿಯ ಕೆಳಗೆ ಹೊಳೆಗೆ ರಭಸ ಬರುತ್ತದೆ, ಹೀಗಾಗಿ ಅದರ ಸಮಯ ಪ್ರವಾಸ ಕಚೇರಿಯ ಕೈಯಲ್ಲಿಲ್ಲ. ‘ಬೆಳಿಗ್ಗೆ ಒಂಬತ್ತಕ್ಕೆ ರಾಫ್ಟಿಂಗ್’ ಎಂದು ಅಚ್ಚು ಹಾಕಿಸಿದವರು ಈ ಮಾತನ್ನು ಪಕ್ಕದಲ್ಲಿಯೇ ಬರೆಯಬೇಕಿತ್ತು. ನಾವು ದಂಡೆಯ ಮೇಲೆ ಕಾದು ಕುಳಿತದ್ದರಿಂದ ಆ ಬೆಳಗಿನ ಅರ್ಧ ಹಾಗೆಯೇ ಕಳೆಯಿತು. ಜೀವರಕ್ಷಕ ಜಾಕೆಟ್ ಮತ್ತು ಹೆಲ್ಮೆಟ್ಟುಗಳು ಚೆನ್ನಾಗಿದ್ದವು. ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಇದು ಹೇಳಿದ್ದಲ್ಲ, ಅವರ ಪಾಲಿನ ಹಣವನ್ನು ದರದಿಂದ ಕಡಿಮೆ ಮಾಡಿಸಿಕೊಳ್ಳಬೇಕು.

ಪ್ಯಾಕೇಜಿನ ಶ್ರೇಷ್ಠ ನಿರ್ಧಾರವೆಂದರೆ ದಾಂಡೇಲಿಯಿಂದ ಕಡಲಿಗೆ ಇಳಿಯುವ ದಾರಿ. ಹುಬ್ಬಳ್ಳಿಯವರಿಗೆ ಕಾರವಾರವೆಂದರೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಗಳ ಹೆದ್ದಾರಿ. ಲಾರಿಗಳ ಹಿಂದೆ ಲಾರಿಗಳು, ಮತ್ತು ದಶಕಗಳಿಂದ ಕಾಗದದಲ್ಲಿಯೇ ಓಡುತ್ತಿರುವ ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು. ಈ ಪ್ಯಾಕೇಜಿನವರು ಹಾಗೆ ಮಾಡದೆ ಜೊಯಿಡಾ, ಅಣಶಿ, ಕದ್ರಾ ಮಾರ್ಗವಾಗಿ ನೇರವಾಗಿ ಘಟ್ಟ ಇಳಿಸುತ್ತಾರೆ. ದೂರ ನೂರು ಕಿಲೋಮೀಟರಿನ ಆಸುಪಾಸು, ಆದರೆ ತಿರುವುಗಳಿಂದಾಗಿ ಅರ್ಧ ದಿನವನ್ನು ಇಟ್ಟುಕೊಳ್ಳಬೇಕು. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸೂಪಾದಲ್ಲಿ ಜಲಾಶಯವಾಗಿ, ದಾಂಡೇಲಿಯಲ್ಲಿ ಮೊಸಳೆಗಳ ಹೊಳೆಯಾಗಿ, ಕದ್ರಾದಲ್ಲಿ ಮತ್ತೆ ಕಟ್ಟಿಹಾಕಿಸಿಕೊಂಡು, ಕೊನೆಗೆ ಅಗಲವಾದ ಅಳಿವೆಯಾಗಿ ಅದೇ ನೀರು ಎದುರಾಗುತ್ತ ಹೋಗುತ್ತದೆ. ಕಾಡನ್ನೂ ಕಡಲನ್ನೂ ಒಂದೇ ರಜೆಯಲ್ಲಿ ಸೇರಿಸಲು ಇದಕ್ಕಿಂತ ಸಹಜವಾದ ಕಾರಣ ಬೇರೆ ಬೇಕಿಲ್ಲ. ಕರಪತ್ರದಲ್ಲಿ ಮಾತ್ರ ಈ ದಿನವನ್ನು ‘ಪ್ರಯಾಣ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದಾರೆ.

ಕಾಡು ಮೊದಲು, ಕಡಲು ಆಮೇಲೆ ಎಂಬ ಕ್ರಮವೂ ಸರಿಯಾದುದು. ಸಫಾರಿಗೆ ನಸುಕಿನಲ್ಲಿ ಏಳಬೇಕು, ತೆರೆದ ಜೀಪಿನಲ್ಲಿ ಚಳಿ ತಡೆಯಬೇಕು, ಮಾತಿಲ್ಲದೆ ಕುಳಿತಿರಬೇಕು. ಈ ಶಿಸ್ತು ರಜೆಯ ಆರಂಭದಲ್ಲಿ ಸಾಧ್ಯ. ಎರಡು ದಿನ ಮರಳಿನಲ್ಲಿ ಹೊರಳಾಡಿದ ಮಕ್ಕಳನ್ನು ಆಮೇಲೆ ಐದು ಗಂಟೆಗೆ ಎಬ್ಬಿಸಲು ಯಾರಿಂದಲೂ ಆಗದು.

ಕಾರವಾರದ ವಸತಿ ದೇವಬಾಗದ ಕಡೆಗಿತ್ತು. ಕಾಳಿ ನದಿ ಕಡಲು ಸೇರುವಲ್ಲಿ ಚಾಚಿಕೊಂಡಿರುವ ಈ ಮರಳು ತೀರದಲ್ಲಿ ಗಾಳಿಮರಗಳ ತೋಪು, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರ. ಗೋಕರ್ಣದ ಕಡಲತೀರಗಳಿಗೆ ಹೋಲಿಸಿದರೆ ಜನಸಂದಣಿ ಕಡಿಮೆ, ಅಂಗಡಿಗಳು ಕಡಿಮೆ, ರಾತ್ರಿಯ ಗದ್ದಲ ಇಲ್ಲವೇ ಇಲ್ಲ; ಹಿರಿಯರಿರುವ ಕುಟುಂಬಕ್ಕೆ ಈ ಆಯ್ಕೆ ಒಪ್ಪುವಂತಹುದು. ಕೊಠಡಿಗಳು ಸ್ವಚ್ಛವಾಗಿದ್ದವು, ಸ್ನಾನಕ್ಕೆ ಬಿಸಿನೀರು ಕೇಳಿದಾಗ ಸಿಕ್ಕಿತು. ತೊಂದರೆಯಾದದ್ದು ದೋಣಿ ಏರುವಾಗ. ದಕ್ಕೆಯ ಮೆಟ್ಟಿಲಿನಿಂದ ತೂಗಾಡುವ ದೋಣಿಗೆ ಕಾಲಿಡಲು ಮಾವನವರಿಗೆ ಇಬ್ಬರ ಆಸರೆ ಬೇಕಾಯಿತು, ಆ ವಿಷಯವನ್ನು ಕಚೇರಿಯಲ್ಲಿ ಮೊದಲೇ ತಿಳಿಸಿದ್ದರೂ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮೊಣಕಾಲು ನೋವಿನವರಿದ್ದರೆ ರಸ್ತೆಯಿಂದಲೇ ತಲುಪುವ ವಸತಿಯನ್ನು ಲಿಖಿತವಾಗಿ ಕೇಳಿಕೊಳ್ಳಿ.

ಅಳಿವೆಯ ಬಾಯಿಯಲ್ಲಿ ಈಜುವುದು ಬೇಡವೆಂದು ದೋಣಿಯವರು ಖಡಾಖಂಡಿತವಾಗಿ ಹೇಳಿದರು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಕಡಲಿನತ್ತ ಎಳೆಯುವ ಬಗೆಯನ್ನು ಒಮ್ಮೆ ನೋಡಿದವರಿಗೆ ಕಾರಣ ಕೇಳುವ ಅಗತ್ಯ ಬೀಳದು. ನಮ್ಮ ಕಡೆಯ ಕೆರೆಗಳಲ್ಲಿ ಈಜು ಕಲಿತವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕರಪತ್ರದ ಪ್ರಕಾರ ವನ್ಯಜೀವಿಗಳೆಲ್ಲ ದಾಂಡೇಲಿಯಲ್ಲಿಯೇ ಮುಗಿಯುತ್ತವೆ, ಕಾರವಾರದಲ್ಲಿ ಉಳಿಯುವುದು ಮರಳು ಮತ್ತು ಬಾಳೆಹಣ್ಣಿನಾಕಾರದ ದೋಣಿ. ವಾಸ್ತವದಲ್ಲಿ ಈ ತೀರಕ್ಕೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಅರಣ್ಯ ಇಲಾಖೆಯವರು ಗೂಡುಗಳನ್ನು ಗುರುತಿಸಿ ಬೇಲಿ ಕಟ್ಟಿ ಕಾಯುತ್ತಾರೆ. ಬೆಳಗಿನ ದೋಣಿ ವಿಹಾರದಲ್ಲಿ ಡಾಲ್ಫಿನ್ನುಗಳ ಬೆನ್ನು ನೀರಿನಿಂದ ಮೇಲೆದ್ದು ಮರೆಯಾದುದನ್ನು ಮಕ್ಕಳು ಕಣ್ಣಾರೆ ಕಂಡರು, ಮತ್ತು ಹುಲಿಯ ಬಗೆಗಿನ ದೂರು ಅಲ್ಲಿಗೆ ನಿಂತಿತು. ಕಾಳಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಟ್ಟಿದ ನಡೆದಾರಿಯೂ ಇದೆ. ಬೇರುಗಳು ಕೆಸರಿನಿಂದ ಮೇಲೆ ಚಾಚಿಕೊಂಡಿರುವುದನ್ನೂ ಏಡಿಗಳ ಓಡಾಟವನ್ನೂ ಹತ್ತಿರದಿಂದ ನೋಡಬಹುದು. ಇದು ಪಟ್ಟಿಯಲ್ಲಿರಲಿಲ್ಲ, ಚಾಲಕರನ್ನು ಕೇಳಿಕೊಂಡು ಹೋಗಿ ಬಂದೆವು. ನಗರದಲ್ಲಿ ರವೀಂದ್ರನಾಥ ಠಾಗೋರ್ ಕಡಲತೀರದ ಬಳಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ಪಟ್ಟಿಯಲ್ಲಿತ್ತು, ಅದೂ ಸಾರ್ಥಕವೇ. ಆದರೆ ದೇವಬಾಗವಿರುವ ಸದಾಶಿವಗಡದ ಕಡೆಯಿಂದ ನಗರಕ್ಕೆ ಬರಲು ಕಾಳಿ ನದಿಯ ಸೇತುವೆ ದಾಟಬೇಕು. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ಸಂಚಾರದ ಭಾರವೆಲ್ಲ ಹೊಸ ಸೇತುವೆಯ ಮೇಲೆಯೇ ಬಿದ್ದಿರುವುದರಿಂದ ಸಮಯವನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಳ್ಳುವುದು ಲೇಸು.

ಊಟದ ವಿಷಯದಲ್ಲಿ ಎರಡೂ ಕಡೆ ದೂರುವಂತಹುದಿಲ್ಲ. ಮೀನು ತಿನ್ನುವವರಿಗೆ ಕಾರವಾರದಲ್ಲಿ ಬಂಗುಡೆ, ಇಸ್ವಾಣ ಮೀನುಗಳ, ಜೊತೆಗೆ ಮುರುಗಲು ಹುಳಿಯ ಪೇಯವಾದ ಸೋಲ್‌ಕಡಿಯ ಸುಗ್ಗಿ. ಅತ್ತೆಯವರಿಗಾಗಿ ಪ್ರತ್ಯೇಕ ಪಾತ್ರೆಗಳಲ್ಲಿ ಅನ್ನ, ಸಾರು, ಪಲ್ಯ ಮಾಡಿಕೊಟ್ಟರು. ಜೋಳದ ರೊಟ್ಟಿಯನ್ನು ಕೇಳಬಾರದು, ಕಟ್ಟಿಕೊಂಡು ಹೋಗಬೇಕು. ನಮ್ಮ ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಡಲ ಗಾಳಿಗೆ ಮೆತ್ತಗಾದವು, ಆದರೂ ಖರ್ಚಾದವು.

ಹಣದ ಮಾತಿಗೆ ಬಂದರೆ, ದರ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊತ್ತಕ್ಕಿಂತ ಅದರಲ್ಲಿ ಏನು ಸೇರಿದೆ ಎಂಬುದನ್ನು ನೋಡಬೇಕು. ‘ಎಲ್ಲವೂ ಸೇರಿ’ ಎಂದು ಹೇಳಿದ ದರದಲ್ಲಿ ದೊಡ್ಡ ಕ್ಯಾಮೆರಾದ ಶುಲ್ಕ, ಡಾಲ್ಫಿನ್ ನೋಡಲು ಹೋದ ದೋಣಿ ಹಾಗೂ ಚಾಲಕರ ರಾತ್ರಿ ಭತ್ಯೆ ಸೇರಿರಲಿಲ್ಲ, ಮೂರನ್ನೂ ಅಲ್ಲಲ್ಲಿಯೇ ಕೊಡಬೇಕಾಯಿತು. ವಾಹನ ಹೊಸದು, ಚಾಲಕರು ಅನುಭವಿಗಳು. ಅಣಶಿಯ ತಿರುವುಗಳಲ್ಲಿ ಒಮ್ಮೆಯೂ ಆತುರಪಡಲಿಲ್ಲ, ಕಾಡಿನೊಳಗೆ ಹಾಡು ಹಾಕಬೇಡಿರೆಂದು ಮಕ್ಕಳಿಗೆ ಅವರೇ ಹೇಳಿದರು. ಇಡೀ ಸೇವೆಯಲ್ಲಿ ಪೂರ್ಣ ಅಂಕ ಕೊಡುವುದಾದರೆ ಅವರಿಗೇ.

ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಎರಡೂ ಭಾಗಗಳಿಗೆ ಹೊಂದುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಮಂಗಟ್ಟೆಗಳ ಗೂಡಿನ ಸಂಭ್ರಮವಿದ್ದರೂ ಕಾರವಾರದ ಸೆಕೆ ಧಾರವಾಡದವರಿಗೆ ತಡೆಯಲಾಗದು. ಜೂನ್, ಜುಲೈಗಳಲ್ಲಿ ‘ಮಾನ್ಸೂನ್ ರಿಯಾಯಿತಿ’ ಎಂದು ಇದೇ ಪ್ಯಾಕೇಜನ್ನು ಕೊಟ್ಟರೆ ಒಪ್ಪಿಕೊಳ್ಳಬೇಡಿ. ಸಫಾರಿಗೆ ಅದು ಕಾಲವಲ್ಲ, ಕಡಲಿಗೆ ಇಳಿಯಲಾಗದು, ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ, ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನೂ ದುರ್ಲಭ.

ಗದಗ ಮತ್ತು ಹಾವೇರಿಯವರಿಗೂ ಇದೇ ದರದಲ್ಲಿ ಮನೆಯಿಂದಲೇ ಕರೆದೊಯ್ಯುವುದಾಗಿ ಕಚೇರಿಯವರು ಹೇಳುತ್ತಾರೆ. ಧಾರವಾಡದಿಂದ ದಾಂಡೇಲಿ ಹಳಿಯಾಳದ ಮೇಲೆ ಸುಮಾರು 55 ಕಿಲೋಮೀಟರು ಮಾತ್ರ, ಆದ್ದರಿಂದ ನಮಗೆ ಮೊದಲ ದಿನದ ಮಧ್ಯಾಹ್ನವೇ ಕೈಗೆ ಸಿಕ್ಕಿತು. ಗದುಗಿನಿಂದ ಹೊರಡುವವರು ಹುಬ್ಬಳ್ಳಿಯಲ್ಲಿ ಇತರರನ್ನು ಹತ್ತಿಸಿಕೊಳ್ಳುವವರೆಗೆ ಕಾಯಬೇಕಾಗುವುದರಿಂದ ಅವರಿಗೆ ಆ ಅರ್ಧ ದಿನ ದಕ್ಕುವುದಿಲ್ಲ. ನೇರವಾಗಿ ಹೊರಡುವ ಪ್ರತ್ಯೇಕ ವಾಹನ ಕೇಳುವುದೇ ಸರಿ. ಹಾವೇರಿಯವರು ಮರಳುವಾಗ ಅಂಕೋಲೆ, ಯಲ್ಲಾಪುರಗಳ ಮೇಲೆ ಹುಬ್ಬಳ್ಳಿಗೆ ಬಂದು ಮತ್ತೆ ದಕ್ಷಿಣಕ್ಕೆ ಇಳಿಯುವ ಬದಲು ಕುಮಟಾ, ಶಿರಸಿ ದಾರಿಯನ್ನು ಕೇಳಬಹುದು, ದೇವಿಮನೆ ಘಟ್ಟದಲ್ಲಿ ರಸ್ತೆ ತೆರೆದಿದೆಯೇ ಎಂದು ಹೊರಡುವ ಮುನ್ನಾದಿನ ಖಚಿತಪಡಿಸಿಕೊಂಡು.